ಎರಡು ಕಿಡಿಗಳ ವ್ಯಾಜ್ಯ

ಸಂಘದ ಕಾರ್ಯಕ್ರಮ ಮುಗಿದು ಊಟದ ಪಂಕ್ತಿಗೆ ಕುಳಿತಾಗ ನಮ್ಮ ಮಕ್ಕಳು ಮೊಬೈಲ್ ಫೋನುಗಳ ವಿಷಯವಾಗಿ ವಾದಕ್ಕಿಳಿಯುವುದನ್ನು ನಾವೆಲ್ಲರೂ ಕೇಳಿದ್ದೇವೆ. ಒಬ್ಬ ಆ್ಯಪಲ್ ಪಕ್ಷದವನು, ಇನ್ನೊಬ್ಬ ಸ್ಯಾಮ್‌ಸಂಗ್ ಪಕ್ಷದವನು. "ನಿಮ್ಮವರು ನಮ್ಮವರನ್ನು ನೋಡಿ ಮಾಡಿದ್ದು" ಎಂದು ಒಬ್ಬ ಹೇಳಿದರೆ, "ನಿಮ್ಮವರೇನು ಎಲ್ಲವನ್ನೂ ಸ್ವಂತ ಬುದ್ಧಿಯಿಂದ ಮಾಡಿದರೇ?" ಎಂದು ಇನ್ನೊಬ್ಬ ಕೇಳುತ್ತಾನೆ. ಅನ್ನ ತಣ್ಣಗಾದರೂ ವಾದ ಆರುವುದಿಲ್ಲ. ಹಿರಿಯರಾದ ನಾವು ನಕ್ಕು ಸುಮ್ಮನಾಗುತ್ತೇವೆ.

ಆದರೆ ಹೀಗೆ ನಗುವ ಅಧಿಕಾರ ನಮಗಿದೆಯೇ? ಇದೇ ಪುಣೆಯಲ್ಲಿ, ಮೋಟಾರ್ ಸೈಕಲ್ಲಿನ ಹೊಟ್ಟೆಯೊಳಗೆ ಹಾರುವ ಎರಡು ಕಿಡಿಗಳ ಸಲುವಾಗಿ ನಾವೂ ಇಂಥದೇ ವಾದ ಮಾಡಿದವರು. ನಮ್ಮಲ್ಲಿ ಕೆಲವರು ನಂಟರ ಮನೆಯ ಬಾಗಿಲನ್ನೂ ಬಿಟ್ಟವರು. ಆ ವ್ಯಾಜ್ಯದ ಕಥೆಯನ್ನು ಈಗ ಸಮಾಧಾನದಿಂದ ಒಮ್ಮೆ ನೆನೆದುಕೊಳ್ಳುವುದು ಒಳ್ಳೆಯದೆಂದು ತೋರುತ್ತದೆ.

ಆಕುರ್ಡಿಯ ಬಜಾಜ್ ಆಟೋ ಕಾರ್ಖಾನೆಯನ್ನು ವಾಚಕರಿಗೆ ಪರಿಚಯಿಸಬೇಕಾಗಿಲ್ಲ. ಬೆಳಗಾವಿ, ವಿಜಯಪುರ, ಕಲಬುರಗಿ ಕಡೆಗಳಿಂದ ಹೊಟ್ಟೆಪಾಡಿಗಾಗಿ ಪಿಂಪ್ರಿ-ಚಿಂಚ್‌ವಡಕ್ಕೆ ಬಂದ ನಮ್ಮವರಲ್ಲಿ ಎಷ್ಟೋ ಮನೆಗಳ ಒಲೆ ಉರಿದದ್ದು ಆ ಕಾರ್ಖಾನೆಯಿಂದ, ಇಲ್ಲವೆ ಅದಕ್ಕೆ ಬಿಡಿಭಾಗ ಒದಗಿಸುವ ಸಣ್ಣ ಕಾರ್ಖಾನೆಗಳಿಂದ. ಈ ಸಂಸ್ಥೆ ಮೊದಲು ಹೊರದೇಶದ ಸ್ಕೂಟರುಗಳನ್ನು ತರಿಸಿ ಮಾರುತ್ತಿತ್ತು. ಇಲ್ಲಿಯೇ ತಯಾರಿಸಲು ಸರಕಾರದಿಂದ ಪರವಾನಿಗೆ ದೊರೆತದ್ದು 1959ರಲ್ಲಿ. ಇಟಲಿಯ ಪಿಯಾಜಿಯೋ ಸಂಸ್ಥೆಯ ಸಹಕಾರದಿಂದ ಅದು ವೆಸ್ಪಾ ಸ್ಕೂಟರನ್ನು ಇಲ್ಲಿಯೇ ಮಾಡತೊಡಗಿತು. ಆ ಒಪ್ಪಂದ 1971ರಲ್ಲಿ ಮುಗಿಯಿತು. ಮರುವರ್ಷವೇ ರಾಣಾ ಪ್ರತಾಪನ ಕುದುರೆಯ ಹೆಸರು ಹೊತ್ತು 'ಚೇತಕ್' ಹೊರಬಂದಿತು. ಹೆಸರು ನಮ್ಮದು; ಮೈಕಟ್ಟು ಮಾತ್ರ ವೆಸ್ಪಾದ್ದೇ ಎಂದು ಕಣ್ಣಿದ್ದವರಿಗೆಲ್ಲ ತಿಳಿಯುತ್ತಿತ್ತು. ಹಣ ಕಟ್ಟಿ ವರ್ಷಗಟ್ಟಲೆ ಸರದಿ ಕಾಯ್ದ ಜನಕ್ಕೆ ಅದರ ಚಿಂತೆ ಇರಲಿಲ್ಲ.

ಪಿಯಾಜಿಯೋದವರಿಗೆ ಚಿಂತೆ ಇತ್ತು. 1980ರ ದಶಕದ ಆರಂಭದಲ್ಲಿ, ಬಜಾಜ್ ಸ್ಕೂಟರುಗಳು ಹೊರದೇಶದ ಪೇಟೆಗಳಿಗೆ ಕಾಲಿಟ್ಟಾಗ, ತಮ್ಮ ವಿನ್ಯಾಸವನ್ನು ನಕಲು ಮಾಡಿದ್ದಾರೆಂದು ಅವರು ಅಮೆರಿಕ ಮೊದಲಾದ ದೇಶಗಳ ನ್ಯಾಯಾಲಯಗಳಲ್ಲಿ ದಾವೆ ಹೂಡಿದರು. ಅಂದು ಆಪಾದಿತನ ಸ್ಥಾನದಲ್ಲಿ ನಿಂತದ್ದು ನಮ್ಮ ಪುಣೆಯ ಕಾರ್ಖಾನೆ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಇದರ ಪ್ರಯೋಜನವಿದೆ.

ಕಾಲ ಬದಲಾಯಿತು. ಜನ ಸ್ಕೂಟರು ಬಿಟ್ಟು ಮೋಟಾರ್ ಸೈಕಲ್ಲಿನ ಕಡೆಗೆ ಹೊರಳಿದರು. ಜಪಾನಿನ ಕವಾಸಾಕಿಯ ಜೊತೆ ಸೇರಿ ಬೈಕ್ ಮಾಡುವುದನ್ನು ಕಲಿತಿದ್ದ ಬಜಾಜ್, 2001ರಲ್ಲಿ 'ಪಲ್ಸರ್' ಎಂಬ ಬೈಕನ್ನು ತಂದಿತು. ಕಾಲೇಜು ಹುಡುಗರು ಅದಕ್ಕೆ ಮರುಳಾದರು. 2003ರಲ್ಲಿ ಬಂದ ಪಲ್ಸರಿನ ಮೇಲೆ 'ಡಿಟಿಎಸ್-ಐ' ಎಂಬ ಅಕ್ಷರಗಳಿದ್ದವು. ಅದರ ಅರ್ಥ ತಿಳಿಯದವರೂ ಆ ಅಕ್ಷರಗಳನ್ನು ಮಂತ್ರದಂತೆ ಉಚ್ಚರಿಸುತ್ತಿದ್ದರು.

ಅದರ ಅರ್ಥ ಇಷ್ಟೇ: ಇಂಜಿನ್ನಿನ ಸಿಲಿಂಡರಿಗೆ ಒಂದರ ಬದಲು ಎರಡು ಸ್ಪಾರ್ಕ್ ಪ್ಲಗ್. ಪೆಟ್ರೋಲು ಉಳಿಯಬೇಕಾದರೆ ಗಾಳಿಯ ಪಾಲು ಹೆಚ್ಚಾಗಿ ಪೆಟ್ರೋಲಿನ ಪಾಲು ಕಡಮೆಯಾಗಬೇಕು. ಆದರೆ ಅಂಥ ತೆಳುವಾದ ಮಿಶ್ರಣಕ್ಕೆ ಬೆಂಕಿ ಬೇಗ ಹಬ್ಬುವುದಿಲ್ಲ. ಹಸಿ ಹುಲ್ಲಿನ ಬಣವೆಗೆ ಒಂದೇ ತುದಿಗೆ ಕಡ್ಡಿ ಗೀರಿದರೆ ಅರ್ಧ ಉರಿದು ಹೊಗೆಯಾಡುತ್ತದೆ. ಎರಡು ತುದಿಗೂ ಹಚ್ಚಿದರೆ ಬೆಂಕಿ ನಡುವೆ ಬಂದು ಕೂಡುತ್ತದೆ. ಸಣ್ಣ ಇಂಜಿನ್ನಿನಲ್ಲಿ, ಅಂದರೆ ಸಿಲಿಂಡರಿನ ವ್ಯಾಸ 45 ರಿಂದ 70 ಮಿಲಿಮೀಟರಿನೊಳಗೆ ಇರುವಲ್ಲಿ, ಈ ಉಪಾಯವನ್ನು ಸಾಧಿಸಿದವರು ತಾವೆಂದು ಬಜಾಜ್ 2002ರ ಜುಲೈ 16ರಂದು ಪೇಟೆಂಟಿಗೆ ಅರ್ಜಿ ಹಾಕಿತು. 2005ರ ಜುಲೈನಲ್ಲಿ 195904ನೆಯ ಸಂಖ್ಯೆಯ ಪೇಟೆಂಟ್ ದೊರೆಯಿತು. ಪೇಟೆಂಟ್ ಎಂದರೆ ಸರಕಾರ ಮಾಡಿಕೊಳ್ಳುವ ಒಂದು ಕರಾರು: ನಿನ್ನ ಗುಟ್ಟನ್ನು ಎಲ್ಲರ ಮುಂದೆ ಬಿಚ್ಚಿಡು, ಅದಕ್ಕೆ ಬದಲಾಗಿ ಅರ್ಜಿಯ ದಿನದಿಂದ 20 ವರ್ಷ ಬೇರೆ ಯಾರೂ ಅದನ್ನು ಬಳಸದಂತೆ ನೋಡಿಕೊಳ್ಳುವ ಹಕ್ಕು ನಿನಗೆ ಇರಲಿ.

ಇನ್ನು ಎದುರು ಪಕ್ಷ. ಬೆಂಗಳೂರಿನಿಂದ ಅತ್ತಿಬೆಲೆ ದಾಟಿದ ಕೂಡಲೆ ಸಿಗುವ ಹೊಸೂರು ರಾಜ್ಯದ ಲೆಕ್ಕದಲ್ಲಿ ತಮಿಳುನಾಡಿಗೆ ಸೇರಿದ್ದರೂ ಕನ್ನಡದ ಮಾತು ಕಿವಿಗೆ ಬೀಳುವ ಊರು. 1980ರಲ್ಲಿ ಅಲ್ಲಿಂದ 'ಟಿವಿಎಸ್ 50' ಮೊಪೆಡ್ ಹೊರಬಂದಿತು. ಟಿವಿಎಸ್ ಕೂಡ ಜಪಾನಿನ ಸುಜುಕಿಯ ಜೊತೆ ಪಾಠ ಕಲಿತು, 2001ರಲ್ಲಿ ಅವರಿಂದ ಬೇರೆಯಾಗಿ ಸ್ವಂತ ಕಾಲಿನ ಮೇಲೆ ನಿಂತ ಸಂಸ್ಥೆ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯಲ್ಲಿ ಕಡಕೊಳದ ಬಳಿ ಅದರ ಇನ್ನೊಂದು ಕಾರ್ಖಾನೆಯಿದೆ. ಹೀಗಾಗಿ ನಮ್ಮ ಬಂಧುಬಳಗದ ಒಂದು ಕೈ ಆಕುರ್ಡಿಯಲ್ಲಿದ್ದರೆ ಇನ್ನೊಂದು ಕೈ ಹೊಸೂರು, ಮೈಸೂರುಗಳಲ್ಲಿತ್ತು. 2006ರಲ್ಲಿ ಟಿವಿಎಸ್ ತನ್ನ 'ಅಪಾಚೆ'ಯನ್ನು ಪಲ್ಸರಿಗೆ ಎದುರಾಗಿ ನಿಲ್ಲಿಸಿದಾಗ ಹುಡುಗರಲ್ಲಿ ಎರಡು ಪಂಗಡಗಳಾದವು.

2007ರ ಆಗಸ್ಟ್ 30ರಂದು ಟಿವಿಎಸ್ 125 ಸಿ.ಸಿ.ಯ 'ಫ್ಲೇಮ್' ಎಂಬ ಹೊಸ ಬೈಕನ್ನು ಪ್ರಕಟಿಸಿತು. ಅದರ ಸಿಲಿಂಡರಿನ ವ್ಯಾಸ 54.5 ಮಿಲಿಮೀಟರ್, ಸ್ಪಾರ್ಕ್ ಪ್ಲಗ್ಗುಗಳು ಎರಡು. ಬಜಾಜ್ ಇದು ತನ್ನ ಪೇಟೆಂಟಿನ ಉಲ್ಲಂಘನೆ ಎಂದಿತು. ಟಿವಿಎಸ್ ಕೈಕಟ್ಟಿ ಕುಳಿತಿರಲಿಲ್ಲ. ಬೈಕನ್ನು ಪ್ರಕಟಿಸುವ ಮೊದಲೇ ಆ ಪೇಟೆಂಟನ್ನು ರದ್ದು ಮಾಡಬೇಕೆಂದು ಅರ್ಜಿ ಹಾಕಿತ್ತು. ಎರಡು ಪ್ಲಗ್ಗಿನ ಉಪಾಯ ಹೊಸದಲ್ಲ, ಹೋಂಡಾ ಸಂಸ್ಥೆ 1985ರಲ್ಲಿಯೇ ಅಮೆರಿಕದಲ್ಲಿ ಇಂಥದಕ್ಕೆ ಪೇಟೆಂಟ್ ಪಡೆದಿದೆ. ನಮ್ಮ ಇಂಜಿನ್ನಿಗೆ ಮೂರು ಕವಾಟಗಳಿವೆ. ಅದರ ತಂತ್ರ ಆಸ್ಟ್ರಿಯದ ಎವಿಎಲ್ ಸಂಸ್ಥೆಯಿಂದ ಬಂದದ್ದು ಎಂಬುದು ಅದರ ವಾದ.

2008ರ ಫೆಬ್ರವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ ಬಜಾಜಿನ ಪರವಾಗಿ ತಡೆಯಾಜ್ಞೆ ನೀಡಿತು. ಟಿವಿಎಸ್ ಮುಂದಿನ ತಿಂಗಳು ಅದೇ ಫ್ಲೇಮನ್ನು ಒಂದೇ ಪ್ಲಗ್ಗಿನಿಂದ ಪೇಟೆಗೆ ತಂದಿತು. 2009ರ ಮೇ 18ರಂದು ವಿಭಾಗೀಯ ಪೀಠ ಆ ತಡೆಯಾಜ್ಞೆಯನ್ನು ತೆಗೆದುಹಾಕಿತು. ಬಜಾಜ್ ದಿಲ್ಲಿಗೆ ಹೋಯಿತು. ಅದೇ ವರ್ಷ ಸೆಪ್ಟೆಂಬರ್ 16ರಂದು ಸರ್ವೋಚ್ಚ ನ್ಯಾಯಾಲಯ ಯಾರು ಸರಿ, ಯಾರು ತಪ್ಪು ಎಂಬ ಗೊಡವೆಗೆ ಹೋಗದೆ, ಟಿವಿಎಸ್ ಬೈಕ್ ಮಾರಬಹುದು, ಆದರೆ ಮಾರಿದ್ದಕ್ಕೆಲ್ಲ ಸರಿಯಾದ ಲೆಕ್ಕ ಇಡಬೇಕು. ಮದ್ರಾಸಿನ ಮೂಲ ಮೊಕದ್ದಮೆ ನವೆಂಬರ್ 30ರೊಳಗೆ ಮುಗಿಯಬೇಕು ಎಂದು ಆದೇಶಿಸಿತು. ಪೇಟೆಂಟ್, ಟ್ರೇಡ್‌ಮಾರ್ಕ್, ಕೃತಿಸ್ವಾಮ್ಯದ ದಾವೆಗಳನ್ನು ದಿನದಿನವೂ ವಿಚಾರಿಸಿ ಸಾಮಾನ್ಯವಾಗಿ ನಾಲ್ಕು ತಿಂಗಳೊಳಗೆ ತೀರ್ಪು ಕೊಡಬೇಕೆಂದು ದೇಶದ ಎಲ್ಲ ನ್ಯಾಯಾಲಯಗಳಿಗೂ ಆಗ ಹೇಳಲಾಯಿತು. ಆದರೆ ಈ ದಾವೆಗೇ ಆ ನವೆಂಬರಿನಲ್ಲಿ ಮುಕ್ತಾಯ ದೊರೆಯಲಿಲ್ಲ.

ನ್ಯಾಯಾಲಯದಲ್ಲಿ ವಕೀಲರು ವಾದಿಸುತ್ತಿದ್ದಾಗ ಹೊರಗೆ ನಾವೂ ವಾದಿಸುತ್ತಿದ್ದೆವು. ನಮ್ಮ ನಂಟಸ್ತಿಕೆಯಲ್ಲೇ ನಡೆದ ಒಂದು ಸಂಗತಿ. ಊರಿನಲ್ಲಿ ಮದುವೆ. ಪುಣೆಯಿಂದ ಹೋದ ತಮ್ಮ ಪಲ್ಸರಿನ ಭಕ್ತ. ಮೈಸೂರಿನಿಂದ ಬಂದ ಭಾವ ಅಪಾಚೆಯ ಒಡೆಯ. ಬೀಗರ ಊಟದ ಹೊತ್ತಿನಲ್ಲಿ ಮಾತಿಗೆ ಮಾತು ಬೆಳೆದು, "ನಿಮ್ಮದು ಕದ್ದ ಇಂಜಿನ್ನು ಭಾವ" ಎಂದು ತಮ್ಮ ಹೇಳಿಬಿಟ್ಟ. ಭಾವ ಎಲೆಯ ಮುಂದಿನಿಂದ ಎದ್ದರು. ಅಕ್ಕ ಇಬ್ಬರ ನಡುವೆ ನಿಂತು ಕಣ್ಣೀರು ಹಾಕಿದಳು. ಆ ಮೇಲೆ ನಾಲ್ಕು ವರ್ಷ ಆ ಎರಡು ಮನೆಗಳ ನಡುವೆ ಹಬ್ಬಕ್ಕೂ ಮಾತಿರಲಿಲ್ಲ. ತಮ್ಮನಿಗೆ ಬಜಾಜಿನಲ್ಲಿ ನೌಕರಿ ಇರಲಿಲ್ಲ, ಭಾವನಿಗೆ ಟಿವಿಎಸ್‌ನಲ್ಲಿ ಷೇರು ಇರಲಿಲ್ಲ. ಇಬ್ಬರೂ ಕಂತಿನ ಮೇಲೆ ಬೈಕ್ ಕೊಂಡವರು, ಅಷ್ಟೆ.

ಕಂತಿನ ಹಣದಲ್ಲಿ ಕೊಂಡದ್ದರಿಂದಲೇ ಅವರಿಗೆ ಅಷ್ಟು ರೋಷ ಬಂದಿತೋ ಏನೋ. ಪರಊರಿನಲ್ಲಿ ದುಡಿಯುವವನಿಗೆ ತಾನು ಕೊಂಡ ಮೊದಲ ವಾಹನ ಬರಿಯ ವಾಹನವಲ್ಲ. ಅದು ಅವನ ಬಾಳಿನ ಲೆಕ್ಕದ ಪುಸ್ತಕ. ಊರವರ ಮುಂದೆ ತಲೆಯೆತ್ತಿ ನಿಲ್ಲುವ ಆಧಾರ. ಅದನ್ನು 'ನಕಲು' ಎಂದರೆ ಅವನ ದುಡಿಮೆಯನ್ನೇ ನಕಲು ಎಂದಂತೆ ಕೇಳಿಸುತ್ತದೆ.

ಈಗ ಮುಕ್ತಾಯದ ವಿಷಯ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯಿದೆ. ಈ ಜಗಳ ಉಂಡು ಮಲಗಲು 12 ವರ್ಷ ಹಿಡಿಯಿತು. 2019ರ ಅಕ್ಟೋಬರಿನಲ್ಲಿ ಎರಡೂ ಸಂಸ್ಥೆಗಳು ರಾಜಿಯಾಗಿ, ಬಾಕಿ ಇದ್ದ ಮೊಕದ್ದಮೆಗಳನ್ನೆಲ್ಲ ಹಿಂತೆಗೆದುಕೊಳ್ಳುವುದಾಗಿ ತಿಳಿಸಿದವು. ಕದ್ದದ್ದು ಹೌದೇ ಅಲ್ಲವೇ ಎಂಬ ಪ್ರಶ್ನೆಗೆ ಅಂತಿಮ ಉತ್ತರ ಬರಲೇ ಇಲ್ಲ. ಜಗಳಕ್ಕೆ ಕಾರಣವಾದ ಫ್ಲೇಮ್ ಅಷ್ಟರಲ್ಲಿ ಪೇಟೆಯಿಂದ ಮರೆಯಾಗಿತ್ತು. ಪೇಟೆಂಟಿನ 20 ವರ್ಷಗಳೂ 2022ರಲ್ಲಿ ಮುಗಿದುಹೋದವು. ಇನ್ನೂ ವಿನೋದದ ಸಂಗತಿಯೆಂದರೆ, 2020ರ ಜನವರಿಯಲ್ಲಿ ಬಜಾಜ್ ತನ್ನ ವಿದ್ಯುತ್ ಚೇತಕ್ಕನ್ನೂ ಟಿವಿಎಸ್ ತನ್ನ ವಿದ್ಯುತ್ ಸ್ಕೂಟರ್ 'ಐಕ್ಯೂಬ್' ಅನ್ನೂ ಮಾರಾಟಕ್ಕೆ ತಂದವು. ಎರಡಕ್ಕೂ ಪೆಟ್ರೋಲು ಬೇಡ; ಎರಡರಲ್ಲೂ ಸ್ಪಾರ್ಕ್ ಪ್ಲಗ್ಗೇ ಇಲ್ಲ!

ಮಕ್ಕಳ ಫೋನುಗಳ ಕಥೆಯೂ ಬೇರೆಯಲ್ಲ. 2011ರಲ್ಲಿ ಆ್ಯಪಲ್ ಸಂಸ್ಥೆ ಸ್ಯಾಮ್‌ಸಂಗಿನ ಮೇಲೆ ನಕಲಿನ ದಾವೆ ಹೂಡಿತು. 2012ರಲ್ಲಿ ಕ್ಯಾಲಿಫೋರ್ನಿಯದ ಜ್ಯೂರಿ ನೂರು ಕೋಟಿ ಡಾಲರಿಗೂ ಮೀರಿದ ಪರಿಹಾರ ಗೊತ್ತುಮಾಡಿತು. ಮೇಲ್ಮನವಿ, ಮರುವಿಚಾರಣೆಗಳ ನಂತರ 2018ರಲ್ಲಿ ಅವರೂ ರಾಜಿಯಾದರು. ಆ ಜಗಳದ ನಡುವೆಯೂ ಆ್ಯಪಲ್ ಫೋನಿನ ಒಳಗಿನ ಬಿಡಿಭಾಗಗಳನ್ನು ಸ್ಯಾಮ್‌ಸಂಗ್ ಮಾರುತ್ತಿತ್ತು, ಆ್ಯಪಲ್ ಕೊಳ್ಳುತ್ತಿತ್ತು. ವ್ಯಾಪಾರಿಗಳ ವೈರ ವ್ಯಾಪಾರದ ಮಟ್ಟಿಗೆ. ಅಭಿಮಾನಿಗಳ ವೈರಕ್ಕೆ ಮಾತ್ರ ಎಲ್ಲೆಯಿಲ್ಲ.

ಹಾಗೆಂದು ಪೇಟೆಂಟೇ ಬೇಡ, ಯಾರು ಯಾರದನ್ನಾದರೂ ಎತ್ತಿಕೊಳ್ಳಲಿ ಎಂದು ನಾವು ಹೇಳುತ್ತಿಲ್ಲ. ವರ್ಷಗಟ್ಟಲೆ ಬೆವರು ಸುರಿಸಿ ಕಂಡುಕೊಂಡವನಿಗೆ ಫಲ ಸಿಗಬೇಕಾದದ್ದು ನ್ಯಾಯ. ಆದರೆ ಚರಿತ್ರೆ ನಮಗೆ ಕಲಿಸುವುದು ಸ್ವಲ್ಪ ವಿನಯ. ವೆಸ್ಪಾದ ನಕಲೆಂದು ಒಂದು ಕಾಲದಲ್ಲಿ ಆಪಾದನೆ ಹೊತ್ತ ಕಾರ್ಖಾನೆ ಕಾಲು ಶತಮಾನದ ನಂತರ ಇನ್ನೊಬ್ಬರ ಮೇಲೆ ಅದೇ ಆಪಾದನೆ ಹೊರಿಸಿತು. ಆಪಾದಿಸಿದ ಪಿಯಾಜಿಯೋದವರು ಮುಂದೆ ನಮ್ಮ ಪುಣೆ ಜಿಲ್ಲೆಯ ಬಾರಾಮತಿಯಲ್ಲೇ ಕಾರ್ಖಾನೆ ಕಟ್ಟಿ, 2012ರಿಂದ ಇಲ್ಲಿಯ ಕೈಗಳಿಂದಲೇ ವೆಸ್ಪಾ ಮಾಡಿಸತೊಡಗಿದರು. ಕಲಿಯುವ ಕಾಲಕ್ಕೆ ಎಲ್ಲರೂ ಇನ್ನೊಬ್ಬರ ಪಾಟಿ ನೋಡಿ ಬರೆದವರೇ. ಬೆಳೆದ ಮೇಲೆ ತಮ್ಮ ಪಾಟಿಯನ್ನು ಕೈಯಿಂದ ಮುಚ್ಚಿಕೊಂಡವರೇ.

ಅಭಿಮಾನ ಬೇಡವೆಂದೂ ನಮ್ಮ ಮಾತಲ್ಲ. ಮೈಸೂರಿನಲ್ಲಿ 1961ರಲ್ಲಿ ಚೆಕೊಸ್ಲೊವಾಕಿಯದ ಸಹಕಾರದಿಂದ ಆರಂಭವಾದ ಜಾವಾ ಕಾರ್ಖಾನೆಯನ್ನು ನೆನೆಯಿರಿ. ಒಪ್ಪಂದ ಮುಗಿದ ಮೇಲೆ ಅದೇ ಬೈಕು 'ಯೆಜ್ಡಿ' ಎಂಬ ಹೆಸರು ಪಡೆಯಿತು. 1996ರಲ್ಲಿ ಆ ಕಾರ್ಖಾನೆ ಮುಚ್ಚಿತು. ಆದರೂ ಜುಲೈ ತಿಂಗಳ ಎರಡನೆಯ ಭಾನುವಾರ ಹಳೆಯ ಜಾವಾ, ಯೆಜ್ಡಿಗಳನ್ನು ಒರಸಿ, ತಿಕ್ಕಿ, ಸದ್ದು ಮಾಡುತ್ತ ಒಂದೆಡೆ ಸೇರುವವರಿದ್ದಾರೆ. ಅವರಿಗೆ ಗೆಲ್ಲಬೇಕಾದ ಎದುರಾಳಿ ಯಾರೂ ಇಲ್ಲ. ಅವರ ಪ್ರೀತಿ ಯಂತ್ರದ ಮೇಲೆ, ಅದನ್ನು ಮಾಡಿದ ಕೈಗಳ ಮೇಲೆ. ಅಂಥ ಅಭಿಮಾನದಿಂದ ಯಾವ ನಂಟಸ್ತಿಕೆಯೂ ಮುರಿಯುವುದಿಲ್ಲ.

ಕೊನೆಗೆ ಆ ತಮ್ಮ ಮತ್ತು ಭಾವನ ಮಾತು. ಅವರ ರಾಜಿ ಕಂಪನಿಗಳ ರಾಜಿಗಿಂತ ಎಷ್ಟೋ ಮೊದಲೇ ಆಯಿತು. ತಮ್ಮನ ಮಗುವಿನ ನಾಮಕರಣಕ್ಕೆ ಅಕ್ಕ ಹಟಮಾಡಿ ಗಂಡನನ್ನು ಕರೆತಂದಳು. ಪುಣೆಯಲ್ಲಿ ಅಡ್ಡಾಡಲೆಂದು ಭಾವ ತಮ್ಮ ಗೆಳೆಯರೊಬ್ಬರ ಅಪಾಚೆಯನ್ನೇ ಇಸಕೊಂಡು ಬಂದಿದ್ದರು! ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ತಮ್ಮ ಒಂದು ಗಳಿಗೆ ಆ ಬೈಕನ್ನು ನೋಡಿದ. ಬಳಿಕ, "ಭಾವ, ಗಾಡಿ ಬಿಸಿಲಿಗಿದೆ, ಕೀಲಿ ಕೊಡಿ, ನಮ್ಮ ಗಾಡಿ ಪಕ್ಕದಲ್ಲಿ ನೆರಳಿಗೆ ಹಚ್ಚುತ್ತೇನೆ" ಎಂದ.

ಊಟದ ಪಂಕ್ತಿಯಲ್ಲಿ ಜಗಳವಾಡುವ ನಮ್ಮ ಮಕ್ಕಳಿಗೆ ಈ ಕಥೆಯನ್ನು ಹೇಳೋಣ. ಅನ್ನ ತಣ್ಣಗಾಗುವ ಮೊದಲೇ ಹೇಳೋಣ.