ಹೂಸ್ಟನ್ ಜಾನುವಾರು ಪ್ರದರ್ಶನ: ಏಳು ಜನರ ಊಟದ ಮೇಜಿನಿಂದ ಮಹಾಮೇಳದವರೆಗೆ

ಟೆಕ್ಸಾಸಿನ ಹೂಸ್ಟನ್ ನಗರದಲ್ಲಿ ಪ್ರತಿವರ್ಷ ಫೆಬ್ರುವರಿ ಕೊನೆ ಮತ್ತು ಮಾರ್ಚ್ ತಿಂಗಳಲ್ಲಿ ನಡೆಯುವ ಜಾನುವಾರು ಪ್ರದರ್ಶನ ಹಾಗೂ ರೋಡಿಯೊ ಇಂದು ಜಗತ್ತಿನಲ್ಲೇ ಅತಿ ದೊಡ್ಡದೆಂದು ಹೆಸರಾಗಿದೆ. ಮೂರು ವಾರಗಳಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು ಜನ ಬಂದುಹೋಗುತ್ತಾರೆ. ನೂರಕ್ಕೂ ಮೇಲ್ಪಟ್ಟ ಸಮಿತಿಗಳಲ್ಲಿ 35,000ದಷ್ಟು ಸ್ವಯಂಸೇವಕರು ಸಂಬಳವಿಲ್ಲದೆ ದುಡಿಯುತ್ತಾರೆ. ಆ ಸ್ವಯಂಸೇವಕ ಬಳಗದಲ್ಲಿ ಒಬ್ಬರಾಗಿ, ಹೂಸ್ಟನ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಮುಂದೆ ಈ ಸಂಸ್ಥೆ ನಡೆದುಬಂದ ದಾರಿಯನ್ನು ಕೃತಜ್ಞತೆಯಿಂದ ನೆನೆಯುವುದು ಈ ಲೇಖನದ ಉದ್ದೇಶ.

1931ರ ಜನವರಿ. ಅಮೆರಿಕವನ್ನು ಮಹಾ ಆರ್ಥಿಕ ಕುಸಿತ ಹಿಂಡುತ್ತಿದ್ದ ಕಾಲ. ಹತ್ತಿಗೆ ಬೆಲೆ ಇಲ್ಲ, ದನಕ್ಕೆ ಗಿರಾಕಿ ಇಲ್ಲ. ಅಂಥ ಹೊತ್ತಿನಲ್ಲಿ ಹೂಸ್ಟನ್ನಿನ ಟೆಕ್ಸಾಸ್ ಸ್ಟೇಟ್ ಹೋಟೆಲಿನಲ್ಲಿ ಏಳು ಮಂದಿ ಮಹನೀಯರು ಮಧ್ಯಾಹ್ನದ ಊಟಕ್ಕೆ ಸೇರಿದರು. ಗಲ್ಫ್ ಕರಾವಳಿಯ ರೈತ ಒಳ್ಳೆಯ ತಳಿಯ ದನ ಸಾಕಬೇಕು, ಸಾಕಿದ್ದನ್ನು ನಾಲ್ಕು ಜನರ ಮುಂದೆ ತಂದು ನಿಲ್ಲಿಸಬೇಕು, ಅದಕ್ಕೊಂದು ವಾರ್ಷಿಕ ವೇದಿಕೆ ಬೇಕು ಎಂಬುದು ಅವರ ಮಾತಿನ ಸಾರ. ಆ ಏಳು ಜನರಲ್ಲಿ ಮುಂಚೂಣಿಯಲ್ಲಿದ್ದವರು ಜೇಮ್ಸ್ ಸಾರ್ಟ್‌ವೆಲ್. ದನದ ವ್ಯಾಪಾರದ ಒಳಹೊರಗನ್ನು ಬಲ್ಲವರು. ಸಂಸ್ಥೆಯ ಮೊದಲ ಅಧ್ಯಕ್ಷರಾದವರೂ ಅವರೇ.

ಮರುವರ್ಷ, 1932ರಲ್ಲಿ, ‘ಹೂಸ್ಟನ್ ಫ್ಯಾಟ್ ಸ್ಟಾಕ್ ಶೋ’ ಎಂಬ ಹೆಸರಿನಲ್ಲಿ ಮೊದಲ ಪ್ರದರ್ಶನ ನಡೆಯಿತು. ಜಾಗ ಸ್ಯಾಮ್ ಹೂಸ್ಟನ್ ಹಾಲ್. 1928ರಲ್ಲಿ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಅಧಿವೇಶನಕ್ಕೆಂದು ಅವಸರದಲ್ಲಿ ಎಬ್ಬಿಸಿದ್ದ ಮರದ ಕಟ್ಟಡವದು. ಬಂದವರು ಸುಮಾರು 2,000 ಜನ. ಲೆಕ್ಕ ಮುಗಿಸಿದಾಗ 2,800 ಡಾಲರ್ ನಷ್ಟ. ಪ್ರಥಮ ಸ್ಥಾನ ಪಡೆದ ‘ಟೆಕ್ಸಾಸ್ ಸ್ಪೆಷಲ್’ ಎಂಬ ಆಂಗಸ್ ಹೋರಿ 504 ಡಾಲರಿಗೆ ಹರಾಜಾಯಿತು. ಆ ಕಾಲಕ್ಕೆ 2,800 ಡಾಲರ್ ಸಣ್ಣ ಮೊತ್ತವಲ್ಲ. ಮೊದಲ ವರ್ಷವೇ ಕೈಸುಟ್ಟುಕೊಂಡವರು ಸಾಮಾನ್ಯವಾಗಿ ಎರಡನೆಯ ವರ್ಷದ ಮಾತೆತ್ತುವುದಿಲ್ಲ. ಇವರು ಎತ್ತಿದರು, ನಡೆಸಿಯೂ ತೋರಿಸಿದರು. ಇಂದು ನಮ್ಮಲ್ಲಿರುವ ಎಲ್ಲಕ್ಕೂ ಆ ಹಟವೇ ಬುನಾದಿ.

ಸಾರ್ಟ್‌ವೆಲ್ ಅವರ ಹೆಸರು ಬಂದಾಗ ಕನ್ನಡಿಗರು ತಿಳಿದಿರಬೇಕಾದ ಇನ್ನೊಂದು ಸಂಗತಿ ಇದೆ. 1924ರಲ್ಲಿ ಇದೇ ಹೂಸ್ಟನ್ನಿನಲ್ಲಿ ಅಮೆರಿಕನ್ ಬ್ರಾಹ್ಮನ್ ತಳಿ ಸಾಕಣೆದಾರರ ಸಂಘ ಹುಟ್ಟಿತು. ಅದರ ಮೊದಲ ಕಾರ್ಯದರ್ಶಿ ಸಾರ್ಟ್‌ವೆಲ್, ತಳಿಗೆ ‘ಬ್ರಾಹ್ಮನ್’ ಎಂಬ ಹೆಸರನ್ನು ಸೂಚಿಸಿದವರೂ ಅವರೇ. ಟೆಕ್ಸಾಸಿನ ದಕ್ಷಿಣ ಭಾಗದ ಉರಿಬಿಸಿಲಿಗೆ, ಉಣ್ಣೆಗಳ ಕಾಟಕ್ಕೆ ಯುರೋಪಿನ ದನಗಳು ನಲುಗುತ್ತಿದ್ದವು. ಭಾರತದ ದನ ತಂದರೆ ಉಣ್ಣೆ ಹತ್ತದು ಎಂದು ‘ಶಾಂಘೈ’ ಪಿಯರ್ಸ್ ಎಂಬ ಹಿರಿಯ ದನಗಾರ ಬಹಳ ಹಿಂದೆಯೇ ಹೇಳುತ್ತಿದ್ದರು. ಅವರು ತೀರಿಕೊಂಡ ಮೇಲೆ, 1906ರಲ್ಲಿ, ಅವರ ರಾಂಚಿನ ಹೊಣೆ ಹೊತ್ತಿದ್ದ ಬಾರ್ಡನ್ ಅವರು ಭಾರತದಿಂದ ಕೊಂಡು ತಂದ ದನಗಳಲ್ಲಿ 30 ಹೋರಿ, 3 ಹಸು ಟೆಕ್ಸಾಸ್ ಮುಟ್ಟಿದವು. ಗುಜರಾತಿನ ಕಾಂಕ್ರೇಜ್, ಗಿರ್, ಆಂಧ್ರದ ಒಂಗೋಲ್ ತಳಿಗಳ ಜೊತೆಗೆ, ಸ್ವಲ್ಪ ಮಟ್ಟಿಗೆ ನಮ್ಮ ಕೃಷ್ಣಾ ತೀರದ ‘ಕೃಷ್ಣಾ ವ್ಯಾಲಿ’ ತಳಿಯ ರಕ್ತವೂ ಬ್ರಾಹ್ಮನ್ ತಳಿಯಲ್ಲಿ ಸೇರಿದೆ. ಬೆಳಗಾವಿ, ಬಾಗಲಕೋಟೆ, ವಿಜಯಪುರ ಸೀಮೆಯ ಎರೆಮಣ್ಣಿನಲ್ಲಿ ಭಾರಿ ನೇಗಿಲು ಎಳೆಯಲೆಂದು ಬೆಳೆಸಿದ ದನವದು. ಊರಲ್ಲಿ ಇಂದು ಅದರ ಸಂಖ್ಯೆ ತೀರಾ ಇಳಿದಿದೆ ಎಂಬುದು ನೋವಿನ ಮಾತು. ಹೂಸ್ಟನ್ನಿನ ಅಂಗಳದಲ್ಲಿ ಹಿಣಿಲು ಎತ್ತಿ, ಗಂಗೆದೊಗಲು ಇಳಿಬಿಟ್ಟು, ಜೋಲುಕಿವಿಯ ಬೂದುಬಣ್ಣದ ಬ್ರಾಹ್ಮನ್ ಹೋರಿ ನಡೆದುಬರುವಾಗ ನಮ್ಮವರ ಮುಖದಲ್ಲಿ ಮೂಡುವ ನಗುವಿಗೆ ಕಾರಣ ಇದು.

ಮತ್ತೆ ಸಂಸ್ಥೆಯ ಚರಿತ್ರೆಗೆ ಬರೋಣ. ಐದು ವರ್ಷ ಪ್ರದರ್ಶನ ನಡೆದ ಮೇಲೆ ಆ ಮರದ ಕಟ್ಟಡವನ್ನು ಕೆಡವಲಾಯಿತು, 1937ರಲ್ಲಿ ಪ್ರದರ್ಶನವೇ ಇಲ್ಲವಾಯಿತು. ಅದೇ ಜಾಗದಲ್ಲಿ ಎದ್ದ ಸ್ಯಾಮ್ ಹೂಸ್ಟನ್ ಕೊಲಿಸಿಯಂ 1938ರಲ್ಲಿ ಪ್ರದರ್ಶನಕ್ಕೆ ಹೊಸ ಮನೆಯಾಯಿತು. ರೋಡಿಯೊ ಸೇರಿಕೊಂಡದ್ದು ಆ ವರ್ಷವೇ. ನಗರದ ಬೀದಿಗಳಲ್ಲಿ ಮೆರವಣಿಗೆ, ತೊಟ್ಟಿಲು ತಿರುಗಣಿಗಳ ಸಂತೆ ಎಲ್ಲವೂ ಅಂದಿನಿಂದ ಬಂದವು. ದನ ನೋಡಲು ರೈತ ಬರುತ್ತಿದ್ದ, ರೋಡಿಯೊ ನೋಡಲು ಊರಿಗೆ ಊರೇ ಬಂತು.

ರೋಡಿಯೊ ಎಂದರೆ ದನಗಾಹಿಗಳು ಹೊಟ್ಟೆಪಾಡಿಗೆ ಮಾಡುತ್ತಿದ್ದ ಕೆಲಸಗಳೇ ಆಟವಾಗಿ ಬೆಳೆದ ರೂಪ. ಓಡುವ ಕರುವಿಗೆ ಕುದುರೆಯ ಮೇಲಿಂದ ಹಗ್ಗ ಬೀಸಿ ಕಾಲು ಕಟ್ಟುವುದು ಬಯಲಿನಲ್ಲಿ ಕಾಯಿಲೆ ಬಿದ್ದ ಕರುವಿಗೆ ಮದ್ದು ಹಾಕಲು ಬೇಕಾದ ಕೌಶಲ. ಪಳಗದ ಕುದುರೆಯ ಬೆನ್ನೇರುವುದೂ ಅಂಥದ್ದೇ. ಗೂಳಿ ಸವಾರಿಯಲ್ಲಂತೂ ಒಂದೇ ಕೈಯಲ್ಲಿ ಹಗ್ಗ ಹಿಡಿದು, ಇನ್ನೊಂದು ಕೈ ಎಲ್ಲಿಗೂ ತಾಗದಂತೆ ಎಂಟು ಸೆಕೆಂಡು ಕೂತಿರಬೇಕು. 100 ಅಂಕಗಳಲ್ಲಿ ಅರ್ಧ ಸವಾರನಿಗೆ, ಅರ್ಧ ಗೂಳಿಗೆ. ಗೂಳಿ ಸುಮ್ಮನೆ ಓಡಿದರೆ ಸವಾರ ಗೆಲ್ಲಲಾರ. ಪ್ರಾಣಿಯ ಬಲಕ್ಕೂ ಇಷ್ಟು ಗೌರವ ಕೊಡುವ ಆಟ ಕಡಿಮೆಯೇ. ಆ ಗೂಳಿಗಳಲ್ಲಿ ಎಷ್ಟೋ ಬ್ರಾಹ್ಮನ್ ಮಿಶ್ರ ತಳಿಯವು.

ಓಡುವ ಹೋರಿಯ ಕೊಂಬು ಹಿಡಿದು ಕೆಡವುವ ಪಂದ್ಯವನ್ನು ಜಗತ್ತಿಗೆ ಕೊಟ್ಟವರು ಟೆಕ್ಸಾಸಿನ ಕಪ್ಪುಜನಾಂಗದ ಬಿಲ್ ಪಿಕೆಟ್. ಅವರು ತೀರಿಕೊಂಡದ್ದು 1932ರಲ್ಲಿ, ನಮ್ಮ ಪ್ರದರ್ಶನ ಹುಟ್ಟಿದ ವರ್ಷ. ದನಗಾಹಿ ಪರಂಪರೆಯಲ್ಲಿ ಕಪ್ಪುಜನರ, ಮೆಕ್ಸಿಕನ್ನರ ದುಡಿಮೆ ಎಷ್ಟು ದೊಡ್ಡದೆಂಬುದನ್ನು ಸಿನಿಮಾಗಳು ಬಹಳ ಕಾಲ ಮುಚ್ಚಿಟ್ಟವು. ಸ್ಮರಣೆಯ ಸಂದರ್ಭದಲ್ಲಿ ಅವರನ್ನು ಮೊದಲ ಸಾಲಿನಲ್ಲಿ ಕೂರಿಸುವುದು ನ್ಯಾಯ. 1971ರಲ್ಲಿ ಪಿಕೆಟ್ ಅವರಿಗೆ ರಾಷ್ಟ್ರೀಯ ರೋಡಿಯೊ ಕೀರ್ತಿಮಂದಿರದ ಗೌರವ ಸಂದಿತು. ಆ ಗೌರವ ಪಡೆದ ಮೊದಲ ಕಪ್ಪುಜನಾಂಗದವರು ಅವರು.

1942ರಲ್ಲಿ ಎರಡು ಹೊಸ ಸೇರ್ಪಡೆಗಳಾದವು. ಒಂದು, ಹಾಡುವ ಕೌಬಾಯ್ ಎಂದೇ ಪ್ರಸಿದ್ಧರಾಗಿದ್ದ ಜೀನ್ ಆಟ್ರಿ ಅವರಿಂದ ಶುರುವಾದ ತಾರಾ ಸಂಗೀತ. ಇನ್ನೊಂದು, ಕರು ಹಿಡಿಯುವ ಪಂದ್ಯ. ಪತ್ರಿಕೆಗಳು ಮೊದಲನೆಯದನ್ನೇ ಕೊಂಡಾಡುತ್ತವೆ, ನನ್ನ ಲೆಕ್ಕದಲ್ಲಿ ಸಂಸ್ಥೆಯ ಜೀವ ಇರುವುದು ಎರಡನೆಯದರಲ್ಲಿ. ಅಂಗಳಕ್ಕೆ ಕರುಗಳನ್ನು ಬಿಡುತ್ತಾರೆ, ಅವುಗಳ ದುಪ್ಪಟ್ಟು ಸಂಖ್ಯೆಯ ಹುಡುಗ ಹುಡುಗಿಯರು ಬೆನ್ನಟ್ಟುತ್ತಾರೆ. ಬರಿಗೈಯಲ್ಲಿ ಕರು ಹಿಡಿದು, ಬಾಯಿಕಟ್ಟು ತೊಡಿಸಿ, ನಡುವೆ ಬಿಳಿಗೆರೆ ಎಳೆದ ಚೌಕದೊಳಗೆ ಎಳೆದು ತರಬೇಕು. ಕರು ಕಾಲೂರಿ ನಿಲ್ಲುತ್ತದೆ, ಹುಡುಗಿ ಮಣ್ಣಿನಲ್ಲಿ ಬೀಳುತ್ತಾಳೆ, ಹಗ್ಗ ಬಿಡುವುದಿಲ್ಲ, ಎದ್ದು ಮತ್ತೆ ಎಳೆಯುತ್ತಾಳೆ, ಸುತ್ತಲಿನ ಸಾವಿರಾರು ಜನ ಅವಳಿಗಾಗಿ ಕೂಗುತ್ತಾರೆ. ಗೆದ್ದವರಿಗೆ ಒಂದು ಕಡಸು ಕೊಳ್ಳಲು ಹಣದ ಪ್ರಮಾಣಪತ್ರ ಸಿಗುತ್ತದೆ. ಅದನ್ನು ವರ್ಷವಿಡೀ ಸಾಕಬೇಕು, ಮೇವು ಖರ್ಚಿನ ಲೆಕ್ಕ ಇಡಬೇಕು, ಹಣ ಕೊಟ್ಟ ದಾನಿಗೆ ತಿಂಗಳಿಗೊಮ್ಮೆ ವರದಿ ಬರೆಯಬೇಕು, ಮರುವರ್ಷ ಅದೇ ಕಡಸನ್ನು ಪ್ರದರ್ಶನಕ್ಕೆ ತರಬೇಕು. ದಾನವನ್ನು ಹೊಣೆಗಾರಿಕೆಯ ಜೊತೆ ಕಟ್ಟಿಕೊಟ್ಟ ಹಿರಿಯರ ವಿವೇಕಕ್ಕೆ ತಲೆಬಾಗಬೇಕು.

ದನ ಪ್ರದರ್ಶಿಸುವುದೆಂದರೆ ಹಗ್ಗ ಹಿಡಿದು ಸುತ್ತು ಹಾಕುವುದಷ್ಟೇ ಎಂದು ತಿಳಿದವರು ಬೆಳಗಿನ ಜಾವ ಕೊಟ್ಟಿಗೆಯತ್ತ ಬಂದು ನೋಡಬೇಕು. ಮಕ್ಕಳು ಹೋರಿಯನ್ನು ತೊಳೆದು, ಗಾಳಿಯಂತ್ರದಿಂದ ಒಂದೊಂದು ಕೂದಲನ್ನೂ ಮೇಲ್ಮುಖವಾಗಿ ಬಾಚಿ ಒಣಗಿಸುತ್ತಾರೆ. ಕಾಲಿನ ಕೂದಲನ್ನು ಅಂಟು ಸಿಂಪಡಿಸಿ ನಿಲ್ಲಿಸಿ, ಕತ್ತರಿಯಂತ್ರದಿಂದ ಸಮ ಮಾಡುತ್ತಾರೆ. ಅಂಗಳದಲ್ಲಿ ಕೈಯಲ್ಲೊಂದು ಉದ್ದನೆಯ ಕೋಲು. ಅದು ಹೊಡೆಯಲಿಕ್ಕಲ್ಲ, ಗೊರಸಿನ ಬಳಿ ಮೆಲ್ಲನೆ ಮುಟ್ಟಿಸಿ ನಾಲ್ಕು ಕಾಲು ಸರಿಯಾಗಿ ಇಡಿಸಲಿಕ್ಕೆ. ದನ ಬೆದರಿದರೆ ಅದೇ ಕೋಲಿನಿಂದ ಹೊಟ್ಟೆ ಕೆರೆದರೆ ಸಾಕು, ಉಸಿರು ಬಿಟ್ಟು ನಿಲ್ಲುತ್ತದೆ. ತೀರ್ಪುಗಾರನಿಗೂ ದನಕ್ಕೂ ನಡುವೆ ಬರಬಾರದು, ಅವನ ಮುಖದಿಂದ ಕಣ್ಣು ತೆಗೆಯಬಾರದು. ತೀರ್ಪುಗಾರ ಪಕ್ಕೆಲುಬಿನ ಮೇಲೆ ಅಂಗೈಯಾಡಿಸಿ ಮಾಂಸಖಂಡ, ಕೊಬ್ಬಿನ ಹದ ಅಳೆಯುತ್ತಾನೆ. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಲ್ಲಿ ಸುಳಿ, ಕೊಂಬು, ನಡಿಗೆ ನೋಡಿ ಹಳ್ಳಿಕಾರ್ ಹೋರಿಗಳಿಗೆ ಬೆಲೆ ಕಟ್ಟುವ ನಮ್ಮ ರೈತನ ಕಣ್ಣಿನ ಮೊನಚೇ ಇಲ್ಲೂ ಇದೆ, ನೋಡುವ ಗುಣಗಳು ಮಾತ್ರ ಬೇರೆ.

ಬೀಜ ಒಡೆಸಿ ಸಾಕಿದ ಈ ಹೋರಿಗಳು ಕೊನೆಗೆ ಹೋಗುವುದು ಮಾಂಸದ ಮಾರುಕಟ್ಟೆಗೆ. ನಮ್ಮಲ್ಲಿ ಹಲವರಿಗೆ ಇದು ಒಪ್ಪಿಗೆಯಾಗದ ಮಾತೆಂದು ಬಲ್ಲೆ. ಹರಾಜಿನ ದಿನ ಹೋರಿಯ ಕತ್ತು ತಬ್ಬಿ ಅಳುವ ಮಕ್ಕಳನ್ನು ಪ್ರತಿವರ್ಷ ನೋಡುತ್ತೇವೆ. ಸಂಸ್ಥೆ ಆ ಅಳುವನ್ನು ಮುಚ್ಚಿಡುವುದಿಲ್ಲ. ತಟ್ಟೆಗೆ ಬರುವ ಅನ್ನದ ಹಿಂದೆ ಒಂದು ಜೀವವಿದೆ ಎಂಬುದನ್ನು ಆ ಮಕ್ಕಳಷ್ಟು ಚೆನ್ನಾಗಿ ಅರಿತವರು ನಗರದಲ್ಲಿ ಯಾರಿದ್ದಾರೆ?

1952ರಲ್ಲಿ ಬ್ರೆನಮ್ ಊರಿನಿಂದ ಹೂಸ್ಟನ್‌ವರೆಗೆ ಕುದುರೆ, ಗಾಡಿಗಳ ಮೊದಲ ಯಾತ್ರೆ ಹೊರಟಿತು. ಬ್ರೆನಮ್ ಮೇಯರ್ ರೀಸ್ ಲಾಕೆಟ್, ರಾಂಚಿನ ಯಜಮಾನ ಎಮಿಲ್ ಮಾರ್ಕ್ಸ್ ಮುಂತಾದ ಬೆರಳೆಣಿಕೆಯ ಜನ ಆರಂಭಿಸಿದ ಆ ಯಾತ್ರೆಗೆ ಸಾಲ್ಟ್ ಗ್ರಾಸ್ ಎಂದು ಹೆಸರು. 1957ರಲ್ಲಿ ಆಲ್ಫ್ರೆಡ್ ಪಾಯಿಂಡೆಕ್ಸ್ಟರ್, ಗೂಳಿ ಸವಾರ ಮರ್ಟಿಸ್ ಡೈಟ್‌ಮನ್ ಮೊದಲಾದವರು ಪ್ರೇರಿ ವ್ಯೂನಿಂದ ಕಪ್ಪುಜನರ ಯಾತ್ರೆ ಹೊರಡಿಸಿದರು. ಇಂದು ನಾಲ್ಕು ದಿಕ್ಕಿನಿಂದ ಬರುವ ಯಾತ್ರೆಗಳು ಪ್ರದರ್ಶನಕ್ಕೆ ಮುನ್ನ ಮೆಮೋರಿಯಲ್ ಪಾರ್ಕಿನಲ್ಲಿ ಕೂಡುತ್ತವೆ.

ಅದೇ 1957ರಲ್ಲಿ ಸಂಸ್ಥೆ ತನ್ನ ಮೊದಲ ವಿದ್ಯಾರ್ಥಿವೇತನ ಕೊಟ್ಟಿತು, 2,000 ಡಾಲರ್. ನಮ್ಮ ಚರಿತ್ರೆಯಲ್ಲಿ ದಪ್ಪಕ್ಷರದಲ್ಲಿ ಬರೆಯಬೇಕಾದ ಇಸವಿಯಿದು. ಟೆಕ್ಸಾಸಿನ ಯುವಜನರಿಗೆ, ಶಿಕ್ಷಣಕ್ಕೆ ಸಂಸ್ಥೆ ಈವರೆಗೆ ಮುಡಿಪಿಟ್ಟಿರುವ ಹಣ 60 ಕೋಟಿ ಡಾಲರ್ ದಾಟಿದೆ. ಮೊದಲ ವರ್ಷ 504 ಡಾಲರಿಗೆ ಹೋದ ಪ್ರಥಮ ಸ್ಥಾನದ ಹೋರಿ 2022ರಲ್ಲಿ 10 ಲಕ್ಷ ಡಾಲರಿಗೆ ಹರಾಜಾಯಿತು. ಕೊಂಡವರು ದನದ ಬೆಲೆ ಕೊಟ್ಟದ್ದಲ್ಲ, ಮಕ್ಕಳ ಓದಿಗೆ ಕೊಟ್ಟರು.

1961ರಲ್ಲಿ ಇಂದಿನ ಹೆಸರು ಬಂತು. 1966ರಲ್ಲಿ ಪ್ರದರ್ಶನ ಆಸ್ಟ್ರೋಡೋಮ್ ಆವರಣಕ್ಕೆ ಸ್ಥಳಾಂತರಗೊಂಡಿತು. ಮಾಜಿ ಮೇಯರ್ ರಾಯ್ ಹಾಫ್‌ಹೈನ್ಜ್ ಅವರ ಕನಸಾಗಿದ್ದ, ಹಿಂದಿನ ವರ್ಷವಷ್ಟೇ ತೆರೆದಿದ್ದ ಆ ಗುಮ್ಮಟದ ಕ್ರೀಡಾಂಗಣವನ್ನು ದನಗಾಹಿಗಳು ತುಂಬಲಾರರೆಂದು ಅನುಮಾನಪಟ್ಟವರಿದ್ದರು. ತುಂಬಿತು. 1970ರಲ್ಲಿ ಎಲ್ವಿಸ್ ಪ್ರೀಸ್ಲಿ ಅಲ್ಲಿ ಹಾಡಿದರು. 1995ರ ಫೆಬ್ರುವರಿ 26ರಂದು ಟೆಕ್ಸಾಸಿನ ಮಗಳು ಸೆಲೆನಾ 60,000ಕ್ಕೂ ಹೆಚ್ಚು ಜನರೆದುರು ಹಾಡಿದ್ದು, ಮುಂದಿನ ತಿಂಗಳೇ ಕೊಲೆಯಾದದ್ದು ಹಿರಿಯ ಸ್ವಯಂಸೇವಕರು ಇಂದಿಗೂ ಮರೆಯದ ಸಂಗತಿ. 2003ರಿಂದ ಈಗ ಎನ್‌ಆರ್‌ಜಿ ಎಂದು ಕರೆಸಿಕೊಳ್ಳುವ ಹೊಸ ಕ್ರೀಡಾಂಗಣ ನಮ್ಮ ನೆಲೆ.

2020ರ ಮಾರ್ಚ್ 11 ನಮ್ಮ ಅತಿ ಕಷ್ಟದ ದಿನ. ಕೊರೊನಾ ಕಾರಣಕ್ಕೆ ನಗರಾಡಳಿತ ಪ್ರದರ್ಶನವನ್ನು ಅರ್ಧಕ್ಕೇ ನಿಲ್ಲಿಸಿತು. ವರ್ಷಗಟ್ಟಲೆ ಸಾಕಿದ ದನಗಳೊಡನೆ ಮಕ್ಕಳು ಅಂಗಳ ಕಾಣದೆ ಹಿಂದಿರುಗಿದರು. 2021ರಲ್ಲಿ ಸಾರ್ವಜನಿಕ ಪ್ರದರ್ಶನ ರದ್ದಾಯಿತು, ಆದರೆ ಮಕ್ಕಳ ಜಾನುವಾರು ಸ್ಪರ್ಧೆಯನ್ನು ಮಾತ್ರ ಪ್ರೇಕ್ಷಕರಿಲ್ಲದೆ ಖಾಸಗಿಯಾಗಿ ನಡೆಸಲಾಯಿತು. ಸಂಗೀತ ನಿಂತಿತು, ರೋಡಿಯೊ ನಿಂತಿತು, ಮಕ್ಕಳ ದನ ನಿಲ್ಲಲಿಲ್ಲ. ಸಂಸ್ಥೆಗೆ ಯಾವುದು ಮೊದಲು ಎಂಬುದು ಆ ವರ್ಷ ಎಲ್ಲರಿಗೂ ಕಂಡಿತು. 2022ರಲ್ಲಿ, ತೊಂಬತ್ತನೆಯ ವರ್ಷದ ಸಂಭ್ರಮದೊಂದಿಗೆ, ಬಾಗಿಲು ಮತ್ತೆ ಪೂರ್ತಿ ತೆರೆಯಿತು.

2032ಕ್ಕೆ ಈ ಸಂಸ್ಥೆಗೆ ನೂರು ತುಂಬುತ್ತದೆ. ಹೂಸ್ಟನ್ನಿನ ಕನ್ನಡಿಗರಲ್ಲಿ ನನ್ನ ಕೋರಿಕೆ ಇಷ್ಟೇ: ಬರುವ ಮಾರ್ಚಿನಲ್ಲಿ ಸಂಜೆಯ ಸಂಗೀತಕ್ಕೆ ಮಾತ್ರ ಬರಬೇಡಿ. ಕೆಲಸದ ದಿನ ಒಂದು ಬೆಳಿಗ್ಗೆ ರಜೆ ಹಾಕಿ, ಮಕ್ಕಳ ಕೈಹಿಡಿದು ದನಗಳ ಅಂಗಳಕ್ಕೆ ಬನ್ನಿ, ಬ್ರಾಹ್ಮನ್ ಹೋರಿಗಳನ್ನು ಹತ್ತಿರದಿಂದ ತೋರಿಸಿ. ಮನಸ್ಸಾದರೆ ಪ್ರದರ್ಶನದ ಸದಸ್ಯರಾಗಿ, ಒಂದು ಸಮಿತಿ ಸೇರಿ. ಅಲ್ಲಿ ಯಾವಾಗಲೂ ಕೈಗಳ ಕೊರತೆ ಇದೆ.