ಮಲಗಿದವರು ಬಚಾವಾದರು

1826ರ ಕ್ರಿಸ್‌ಮಸ್ ಹಿಂದಿನ ರಾತ್ರಿ. ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯಲ್ಲಿ ಮದ್ಯ ನಿಷಿದ್ಧ. ಆದರೂ ಹುಡುಗರು ಕದ್ದು ವಿಸ್ಕಿ ತಂದರು. ಹಾಲು, ಮೊಟ್ಟೆ, ಸಕ್ಕರೆ ಬೆರೆಸಿ ಎಗ್‌ನಾಗ್ ಮಾಡಿಕೊಂಡರು. ಬೆಳಗಾಗೋ ಹೊತ್ತಿಗೆ ಕಿಟಕಿಗಳು ಪುಡಿಪುಡಿ, ಅಧಿಕಾರಿಗಳ ಮೇಲೇ ದಾಳಿ. ಹಲವು ಕೆಡೆಟ್‌ಗಳು ಸೇನಾ ನ್ಯಾಯಾಲಯದ ಮುಂದೆ ನಿಂತರು.

ಆ ಪಾರ್ಟಿಯಲ್ಲಿ ಜೆಫರ್ಸನ್ ಡೇವಿಸ್ ಕೂಡ ಇದ್ದ. ಅಧಿಕಾರಿ ಗದರಿಸಿ ರೂಮಿಗೆ ಅಟ್ಟಿದ. ಅಲ್ಲೇ ಉಳಿದದ್ದಕ್ಕೆ ವಿಚಾರಣೆಯಿಂದ ಬಚಾವಾದ. ಮುಂದೆ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಅಧ್ಯಕ್ಷನಾದ.

ಇದನ್ನು ಓದಿದಾಗ ನನ್ನ ಹಾಸ್ಟೆಲ್ ನೆನಪಾಯ್ತು. ಬಿಇ ಕೊನೇ ವರ್ಷ, ಡಿಸೆಂಬರ್ 31. ನಾನೂ ಕುಡಿದಿದ್ದೆ; ವಾಂತಿಯಾಗಿ ಬೇಗ ಮಲಗಿಬಿಟ್ಟೆ. ಉಳಿದವರು ಬೈಕ್ ಹತ್ತಿದರು. ರೂಮ್‌ಮೇಟ್ ವಾಪಸ್ ಬರಲಿಲ್ಲ.

ಅವನ ಟ್ರಂಕನ್ನು ಬಸ್ಸಿಗೆ ಹಾಕುವಾಗ ಅವರಪ್ಪ ಅಂದರು, "ನೀನಾದ್ರೂ ಕುಡೀದೆ ಉಳ್ಕೊಂಡ್ಯಲ್ಲ ಮಗಾ." ನಾನು ಹೂಂ ಅಂದೆ.