ಅಬ್ಬಕ್ಕ ರಾಣಿಯಂತೆ ಕಾಣಲಿಲ್ಲ ಏಕೆ?

ಬಿ.ಸಿ.ರೋಡಿನಿಂದ ಚಾರ್ಮಾಡಿಯ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಪುಂಜಾಲಕಟ್ಟೆ ಒಂದು ಸಣ್ಣ ಪೇಟೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಮೂರೂ ಇಲ್ಲಿಗೆ ಹತ್ತಿರ. ನಾನೂರು ವರ್ಷಗಳ ಹಿಂದೆ ಈ ಸುತ್ತಿನಲ್ಲೇ ಮೂರು ಅರಸುಮನೆತನಗಳ ಸೀಮೆಗಳಿದ್ದವು: ಬಂಗಾಡಿ ಮತ್ತು ನಂದಾವರದ ಬಂಗರು, ವೇಣೂರಿನ ಅಜಿಲರು, ಪುತ್ತಿಗೆ ಹಾಗೂ ಮೂಡುಬಿದಿರೆಯ ಚೌಟರು. ಮೂವರೂ ಅಳಿಯಸಂತಾನದವರು. ಅಧಿಕಾರ ಹೆಣ್ಣಿನ ಕಡೆಯಿಂದ ಇಳಿದು ಬರುತ್ತಿತ್ತು. ಎಷ್ಟೋ ಸಲ ಹೆಣ್ಣಿನ ಕೈಯಲ್ಲೇ ಇರುತ್ತಿತ್ತು. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ಅಬ್ಬಕ್ಕ ಈ ಚೌಟರ ಮನೆಯ ಹೆಣ್ಣು. ಆ ಹೆಸರಿನ ರಾಣಿಯರು ಒಬ್ಬರಿಗಿಂತ ಹೆಚ್ಚು ಇದ್ದರು. ಜನರ ನೆನಪಿನಲ್ಲಿ ಅವರೆಲ್ಲ ಒಂದೇ ಅಬ್ಬಕ್ಕನಾಗಿದ್ದಾರೆ.

ಅವರಲ್ಲಿ ಒಬ್ಬಳನ್ನು ಕಣ್ಣಾರೆ ಕಂಡು ಬರೆದಿಟ್ಟವನು ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ. 1623ರಲ್ಲಿ, ಇಕ್ಕೇರಿಯ ವೆಂಕಟಪ್ಪ ನಾಯಕನ ಬಳಿಗೆ ಹೊರಟಿದ್ದ ಪೋರ್ಚುಗೀಸ್ ರಾಯಭಾರಿಯ ಜೊತೆ ಅವನು ಗೋವೆಯಿಂದ ಈ ಕಡೆ ಬಂದ. ಮಂಗಳೂರಿಗೆ ಬಂದಮೇಲೆ ಉಳ್ಳಾಲದ ರಾಣಿಯನ್ನು ನೋಡಲೇಬೇಕೆಂದು ಮಣೇಲ್ ಎಂಬ ಊರಿಗೆ ಹೋದ. ಗುರುಪುರದ ಬಳಿಯ ಮಣೇಲೇ ಅದು ಎಂದು ಸ್ಥಳೀಯ ಇತಿಹಾಸಕಾರರು ಗುರುತಿಸುತ್ತಾರೆ. ನೇಪಲ್ಸಿನಲ್ಲಿದ್ದ ವೈದ್ಯ ಗೆಳೆಯ ಮಾರಿಯೊ ಸ್ಕಿಪಾನೊಗೆ ಬರೆದ ಪತ್ರಗಳಲ್ಲಿ ಈ ಭೇಟಿಯ ವಿವರ ಉಳಿದಿದೆ.

ಅವನಿಗೆ ರಾಣಿ ಸಿಕ್ಕಿದ್ದು ದಾರಿಯಲ್ಲಿ. ಅವಳು ತೋಡು ಅಗೆಸುವ ಕೆಲಸ ನೋಡಲು ನಡೆದು ಹೊರಟಿದ್ದಳು. ಬರಿಗಾಲು, ಸಾದಾ ಹತ್ತಿಬಟ್ಟೆ, ತಲೆಯ ಮೇಲೆ ಒಬ್ಬ ಹಿಡಿದ ಓಲೆಯ ಕೊಡೆ. ದೆಲ್ಲಾ ವಾಲ್ಲೆಯ ವರ್ಣನೆಯಲ್ಲಿ ಮೂರು ಹಂತಗಳಿವೆ. ಮೊದಲು ಬಣ್ಣ: ಇಥಿಯೋಪಿಯದವಳೇ ಇರಬೇಕು ಅನ್ನಿಸುವಷ್ಟು ಕಪ್ಪು ಎನ್ನುತ್ತಾನೆ. ಎರಡನೆಯದು ಹೋಲಿಕೆ: ಇವಳು ರಾಣಿಯಂತೆ ಕಾಣುವುದಿಲ್ಲ, ಕೊಳಕು ಅಡುಗೆಮನೆಯ ಆಳಿನಂತೆಯೋ ಬಟ್ಟೆ ಒಗೆಯುವವಳಂತೆಯೋ ಇದ್ದಾಳೆ, ಸ್ಪೇನಿನ ದೊರೆಯ ಸೈನ್ಯಗಳನ್ನು ಸೋಲಿಸುವವರು ಇಂಥವರೇ ಎಂದು ಬೆರಗಾಗುತ್ತಾನೆ (ಆಗ ಪೋರ್ಚುಗಲ್ ಸ್ಪೇನಿನ ದೊರೆಯ ಅಧೀನದಲ್ಲಿತ್ತು). ಮೂರನೆಯದು ಮಾತು: ಅವಳು ಬಾಯಿ ತೆರೆದ ಮೇಲೆ ಅವನ ಅಭಿಪ್ರಾಯ ಬದಲಾಗುತ್ತದೆ. ಧ್ವನಿ ಸೊಗಸು, ಮಾತಿನಲ್ಲಿ ವಿವೇಕ, ಇವಳು ನಿಜವಾಗಿ ತಿಳಿದವಳು ಎಂದು ಒಪ್ಪಿಕೊಳ್ಳುತ್ತಾನೆ.

ಅಬ್ಬಕ್ಕನ ಶೌರ್ಯದ ಬಗ್ಗೆ ಬರೆಯುವಾಗ ನಾವು ಈ ಮೂರನೆಯ ಹಂತವನ್ನು ಎತ್ತಿಕೊಂಡು ಮೊದಲಿನ ಎರಡನ್ನು ಬಿಟ್ಟುಬಿಡುತ್ತೇವೆ. ಶಾಲೆಯ ಛದ್ಮವೇಷದಲ್ಲಿ, ಮೆರವಣಿಗೆಯ ಟ್ಯಾಬ್ಲೋಗಳಲ್ಲಿ ನಾನು ಕಂಡ ಅಬ್ಬಕ್ಕಂದಿರೆಲ್ಲ ಪೌಡರ್ ಬಳಿದ ಬಿಳಿಯ ಮುಖದವರು. ಪಟ್ಟೆಸೀರೆ, ಮೈತುಂಬ ಒಡವೆ. ಕಣ್ಣಾರೆ ಕಂಡವನೊಬ್ಬ ಕಪ್ಪು ಎಂದು ಬರೆದಿಟ್ಟಿದ್ದರೂ ನಮ್ಮ ಕಲ್ಪನೆಗೆ ಅದು ಒಗ್ಗಲಿಲ್ಲ. ದೆಲ್ಲಾ ವಾಲ್ಲೆಗೆ ಕಪ್ಪು ಹೆಂಗಸು ರಾಣಿಯಂತೆ ಕಾಣಲಿಲ್ಲ. ನಮಗೆ ರಾಣಿ ಕಪ್ಪಗೆ ಕಾಣುವುದಿಲ್ಲ. ಎರಡೂ ಒಂದೇ ಕಣ್ಣಿನ ದೋಷ.

ಅವನಿಗೆ ಆ ಹೋಲಿಕೆ ಎಲ್ಲಿಂದ ಬಂತು ಎಂದು ಕೇಳಬೇಕು. ಅವನು ಬಂದದ್ದು ಗೋವೆಯಿಂದ. ಪೋರ್ಚುಗೀಸರ ಗೋವೆಯ ಮನೆಗಳಲ್ಲಿ ಆಫ್ರಿಕದಿಂದ ಹಿಡಿದು ತಂದ ಗುಲಾಮರು ಅಡುಗೆ ಮಾಡುತ್ತಿದ್ದರು, ನೀರು ಹೊರುತ್ತಿದ್ದರು, ಬಟ್ಟೆ ಒಗೆಯುತ್ತಿದ್ದರು. ಅಲ್ಲಿದ್ದು ಬಂದ ಕಣ್ಣಿಗೆ ಇಥಿಯೋಪಿಯದ ಬಣ್ಣದಿಂದ ಅಡುಗೆಮನೆಗೆ ಹೋಗಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಆ ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿಯೂ ಇಂದು ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿಗಳಲ್ಲಿ ಸೇರಿದೆ.

ಇದು ಯುರೋಪಿನವರ ಕಣ್ಣಿನ ದೋಷ ಮಾತ್ರ ಎಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ. ಅಬ್ಬಕ್ಕ ತೋಡು ಅಗೆಸುತ್ತಿದ್ದ ದಿನಗಳಲ್ಲೇ ದಖ್ಖನಿನಲ್ಲಿ ಅಹ್ಮದ್‌ನಗರದ ಆಡಳಿತ ಮಲಿಕ್ ಅಂಬರನ ಕೈಯಲ್ಲಿತ್ತು. ಇಥಿಯೋಪಿಯದಲ್ಲಿ ಹುಟ್ಟಿ, ಬಾಲ್ಯದಲ್ಲೇ ಗುಲಾಮನಾಗಿ ಮಾರಾಟಗೊಂಡು, ಕೈಯಿಂದ ಕೈಗೆ ದಾಟಿ ದಖ್ಖನಿಗೆ ಬಂದವನು ಅವನು. ಕೊನೆಗೆ ಅಲ್ಲಿನ ದಂಡನಾಯಕನೂ ಪೇಶ್ವೆಯೂ ಆದ. ಮುಂದೆ ಔರಂಗಾಬಾದ್ ಎನಿಸಿಕೊಂಡ ಊರಿನಲ್ಲಿ ನೆಲದಡಿಯ ಕಾಲುವೆ ತೋಡಿಸಿ ನೀರು ತಂದ. ಮೊಗಲ್ ಸೈನ್ಯವನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದ. ಚಕ್ರವರ್ತಿ ಜಹಾಂಗೀರ್ ತನ್ನ ಆತ್ಮಚರಿತ್ರೆಯಲ್ಲಿ ಅವನ ಬಣ್ಣವನ್ನೇ ಬೈಗುಳವಾಗಿಸಿದ್ದಾನೆ. ಅಷ್ಟಕ್ಕೇ ತೃಪ್ತಿಯಾಗದೆ, ಸುಮಾರು 1616ರಲ್ಲಿ ಆಸ್ಥಾನ ಕಲಾವಿದ ಅಬುಲ್ ಹಸನ್‌ನ ಕೈಯಿಂದ ಒಂದು ಚಿತ್ರ ಬರೆಸಿದ. ಅದರಲ್ಲಿ ಭೂಗೋಳದ ಮೇಲೆ ನಿಂತ ಜಹಾಂಗೀರ್, ಕಂಬಕ್ಕೆ ಸಿಕ್ಕಿಸಿದ ಅಂಬರನ ಕಡಿದ ತಲೆಗೆ ಬಾಣ ಬಿಡುತ್ತಿದ್ದಾನೆ. ಹಾಗೆ ನಡೆಯಲೇ ಇಲ್ಲ. ಅಂಬರ್ 1626ರಲ್ಲಿ ವಯಸ್ಸಾಗಿ ತೀರಿಕೊಂಡ.

ಆ ಕಾಲವೇ ಹಾಗಿತ್ತು ಎಂದು ಹೇಳುವವರಿಗೆ ವಿಜಯಪುರದಲ್ಲಿ ಉತ್ತರವಿದೆ. ಆದಿಲ್‌ಶಾಹಿಗಳ ಆಸ್ಥಾನದಲ್ಲಿ ಹಬ್ಶಿ ಮೂಲದ ದಿಲಾವರ್ ಖಾನ್ ಸುಲ್ತಾನ ಬಾಲಕನಾಗಿದ್ದಾಗ ರಾಜ್ಯವನ್ನೇ ನಡೆಸಿದ. ಮುಂದೆ ಇಖ್ಲಾಸ್ ಖಾನ್ ಮುಹಮ್ಮದ್ ಆದಿಲ್‌ಶಾಹನ ಪ್ರಬಲ ಮಂತ್ರಿಯಾದ. ಸುಲ್ತಾನನೂ ಇಖ್ಲಾಸ್ ಖಾನನೂ ಒಂದೇ ಆನೆಯ ಮೇಲೆ ಕುಳಿತ ಚಿತ್ರವೊಂದಿದೆ. ಅದರಲ್ಲಿ ಮಂತ್ರಿಯ ಕಪ್ಪುಬಣ್ಣವನ್ನು ಮರೆಮಾಡಿಲ್ಲ, ಗೇಲಿಯನ್ನೂ ಮಾಡಿಲ್ಲ. ಹಾಗೆ ನೋಡಬಲ್ಲ ಕಣ್ಣು ಆಗಲೂ ಇತ್ತು.

ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಆ ಸಮುದಾಯದ ಶಾಂತಾರಾಮ ಸಿದ್ದಿ ಕರ್ನಾಟಕ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು 2020ರಲ್ಲಿ; ರಾಜ್ಯದ ಶಾಸನಸಭೆಯಲ್ಲಿ ಕುಳಿತ ಮೊದಲ ಸಿದ್ದಿ ಅವರು. ಶತಮಾನಗಳಿಂದ ಇದೇ ಕಾಡಿನಲ್ಲಿ ಬದುಕಿ ಕನ್ನಡ, ಕೊಂಕಣಿ ಮಾತಾಡುವ ಸಿದ್ದಿಗಳಿಗೆ ಬಸ್ಸಿನಲ್ಲಿ ಈಗಲೂ ಎದುರಾಗುವ ಪ್ರಶ್ನೆ, ನೀವು ಯಾವ ದೇಶದವರು ಎಂದು. ಅಮೆರಿಕದ ಅಧ್ಯಕ್ಷನಾಗಿದ್ದ ಬರಾಕ್ ಒಬಾಮರೂ ಇದೇ ಬಗೆಯ ಪ್ರಶ್ನೆಗೆ ಉತ್ತರವಾಗಿ 2011ರಲ್ಲಿ ತಮ್ಮ ಪೂರ್ಣ ಜನನ ಪ್ರಮಾಣಪತ್ರವನ್ನು ಹೊರಗಿಡಬೇಕಾಯಿತು.

ಕಪ್ಪು ಮೈಯ ನಾಯಕನನ್ನು ಕಾಣದಿರಲು ನಮ್ಮ ತುಳುನಾಡಿಗೆ ತನ್ನದೇ ಆದ ಒಂದು ದಾರಿಯಿದೆ: ಸತ್ತ ಮೇಲೆ ದೈವವಾಗಿಸುವುದು. ಕೊರಗರ ಹುಡುಗ ತನಿಯ ಮಾಯಕವಾಗಿ ಇಂದು ಊರೂರಲ್ಲಿ ಕೊರಗಜ್ಜನಾಗಿದ್ದಾನೆ. ವಸ್ತು ಕಳೆದುಹೋದರೆ, ಮೈಗೆ ಹುಷಾರಿಲ್ಲದಿದ್ದರೆ ಅಜ್ಜನಿಗೆ ಚಕ್ಕುಲಿ, ವೀಳ್ಯ, ಕಳ್ಳು ಹೇಳಿಕೊಳ್ಳುತ್ತೇವೆ. ಜಾತಿ ಯಾವುದಾದರೂ ಎಲ್ಲರ ಬಾಯಲ್ಲೂ ಅವನು ‘ಅಜ್ಜ’. ಆದರೆ ಕೊರಗರಿಂದ ಎಂಜಲು ತಿನ್ನಿಸುವ, ಉಗುರು ಕೂದಲು ಬೆರೆಸಿದ ಅನ್ನ ಕೊಡುವ ಅಜಲು ಪದ್ಧತಿಯನ್ನು ನಿಲ್ಲಿಸಲು 2000ದಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ದೈವವಾದ ಅಜ್ಜನಿಗೆ ಕೈ ಮುಗಿಯುವವರು ಜೀವಂತ ಕೊರಗ ಅಜ್ಜನೊಬ್ಬ ಹಾಸಿಗೆ ಹಿಡಿದರೆ ಅವನನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದ್ದು ಕಡಿಮೆ.

ದೆಲ್ಲಾ ವಾಲ್ಲೆಯ ಹೋಲಿಕೆಗೆ ಇನ್ನೊಂದು ಮಗ್ಗುಲಿದೆ. ಅಡುಗೆಯವಳು, ಬಟ್ಟೆ ಒಗೆಯುವವಳು ಎನ್ನುವುದು ಅವಮಾನ ಹೇಗಾಯಿತು? ಅನ್ನ ಬೇಯಿಸುವುದು, ಮೈ ಒರೆಸುವುದು, ಹಾಸಿಗೆ ಬದಲಿಸುವುದು ಕೀಳು ಎಂದು ಮೊದಲೇ ತೀರ್ಮಾನವಾಗಿದ್ದರೆ ಮಾತ್ರ ಅದು ಅವಮಾನ. ತುಳುನಾಡಿನಲ್ಲಿ ಮಡಿವಾಳರು ಒಗೆದ ಬಟ್ಟೆಯಿಲ್ಲದೆ ಸೂತಕ ಕಳೆಯುತ್ತಿರಲಿಲ್ಲ, ಕೋಲ ನಡೆಯುತ್ತಿರಲಿಲ್ಲ. ಆದರೂ ಅವರ ಜಾಗ ಅಂಗಳದ ಕೆಳಗೇ. ವಯಸ್ಸಾದವರ, ಕಾಯಿಲೆಯವರ ಆರೈಕೆಗೆ ನಮ್ಮ ಕಡೆ ‘ಚಾಕರಿ’ ಎನ್ನುತ್ತಾರೆ. ಆಳುತನಕ್ಕೂ ಅದೇ ಪದ.

ಹಳೆಯ ಅಳಿಯಸಂತಾನದ ಮನೆಗಳಲ್ಲಿ ಮುಪ್ಪು ಹೇಗಿತ್ತು ಎಂಬುದು ನನ್ನ ಸಂಶೋಧನೆಯ ಒಂದು ಭಾಗ. ಕುಟುಂಬದ ಆಸ್ತಿಯನ್ನು ಪಾಲು ಮಾಡುವಂತಿರಲಿಲ್ಲ. ಹಿರಿಯ ಗಂಡಸು ಯಜಮಾನ. ಹಿರಿಯ ಹೆಂಗಸಿನ ಕೈಗೆ ಅಧಿಕಾರ ಬಂದರೆ ಅವಳು ಯಜಮಾಂತಿ. ಹೆಣ್ಣುಮಕ್ಕಳು ತಾಯಿಮನೆಯನ್ನು ಬಿಟ್ಟುಕೊಡಬೇಕಿರಲಿಲ್ಲ. ಮುದುಕಿಯಾದ ಮೇಲೆ ಯಾರ ಮನೆಯಲ್ಲಿರುವುದು ಎಂಬ ಪ್ರಶ್ನೆ ಅವಳಿಗೆ ಬರುತ್ತಿರಲಿಲ್ಲ. ಅವಳಿದ್ದುದು ಅವಳ ಮನೆಯಲ್ಲೇ. ಸುತ್ತ ಅವಳ ಮಗಳಂದಿರು, ಮೊಮ್ಮಕ್ಕಳು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ. ದೊಡ್ಡ ಗುತ್ತುಮನೆಗಳಲ್ಲಿ ಆ ಮುಪ್ಪನ್ನು ಹೊತ್ತ ಕೈಗಳಲ್ಲಿ ಮೂಲದಾಳುಗಳ ಕೈಗಳೂ ಇದ್ದವು. 1801ರಲ್ಲಿ ಈ ಕಡೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ತುಳುನಾಡಿನ ಬೇಸಾಯದಲ್ಲಿ ಜೀತದಾಳುಗಳಿದ್ದುದನ್ನು, ಅವರಿಗೆ ಬೆಲೆ ಕಟ್ಟುತ್ತಿದ್ದುದನ್ನು ದಾಖಲಿಸಿದ್ದಾನೆ. ಕಾನೂನಿನ ಮಟ್ಟಿಗೆ ಗುಲಾಮಗಿರಿಯ ಮಾನ್ಯತೆ ಹೋದದ್ದು 1843ರಲ್ಲಿ. ಯಜಮಾಂತಿಯ ಸ್ನಾನಕ್ಕೆ ನೀರು ಕಾಯಲೆಂದು ಕಟ್ಟಿಗೆ ಹೊತ್ತ ಹೆಂಗಸು, ತನ್ನ ಗುಡಿಸಲಲ್ಲಿದ್ದ ತಾಯಿಗೆ ಗಂಜಿ ಕೊಡಲು ಕತ್ತಲಾಗುವವರೆಗೆ ಕಾಯಬೇಕಿತ್ತು. ಅವಳ ಮುಪ್ಪಿನ ಬಗ್ಗೆ ಕಡತಗಳಲ್ಲಿ ಏನೂ ಸಿಗುವುದಿಲ್ಲ.

ಈ ವ್ಯವಸ್ಥೆ ಹಂತಹಂತವಾಗಿ ಬಿಚ್ಚಿಕೊಂಡಿತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಕವರುಗಳಿಗೆ ಪಾಲು ಕೇಳುವ ಹಕ್ಕು ಕೊಟ್ಟಿತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ನಂತರ ಆಸ್ತಿ ಮಕ್ಕಳ ಕಡೆಗೆ ಇಳಿಯತೊಡಗಿತು. 1974ರ ಭೂಸುಧಾರಣೆಯಲ್ಲಿ ಒಕ್ಕಲುಗಳು ಭೂಮಿಯ ಒಡೆಯರಾದರು. ಅದು ಆಗಲೇಬೇಕಿದ್ದ ನ್ಯಾಯ. ಮಕ್ಕಳು ಮುಂಬಯಿಗೆ, ಗಲ್ಫಿಗೆ, ಬೆಂಗಳೂರಿಗೆ ಹೋದರು. ದೊಡ್ಡ ಮನೆ, ಒಂಟಿ ಮುದುಕಿ, ತಿಂಗಳ ಸಂಬಳದ ಮೇಲೆ ಒಬ್ಬ ‘ಹೋಮ್ ನರ್ಸ್’: ಈ ಮೂರು ಇಂದು ನಮ್ಮೂರುಗಳಲ್ಲಿ ತೀರ ಸಾಮಾನ್ಯ.

ಹೆಸರಿಗೆ ನರ್ಸ್. ಇವರಲ್ಲಿ ಎಷ್ಟೋ ಮಂದಿಗೆ ನರ್ಸಿಂಗ್ ತರಬೇತಿ ಸಿಕ್ಕಿರುವುದಿಲ್ಲ. ಕೆಲವರು ಘಟ್ಟದ ಮೇಲಿನವರು, ಕೆಲವರು ಇಲ್ಲಿಯವರೇ. ಹೆಚ್ಚಿನವರು ಬಡ ಮನೆಗಳ ಹೆಂಗಸರು. ನಾನು ಮಾತಾಡಿಸಲು ಹೋದ ಒಂದು ಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿ ಅಳಿಯಸಂತಾನದ ಕಾಲವನ್ನು ನೆನೆದು, “ಯಾನ್ ಎನ್ನ ಇಲ್ಲಡೇ ಉಲ್ಲೆ” ಎಂದರು. ನಾನು ನನ್ನ ಮನೆಯಲ್ಲೇ ಇದ್ದೇನೆ ಎಂದು. ಅವರನ್ನು ಎಬ್ಬಿಸಿ ಕೂರಿಸಿದಾಕೆಯನ್ನು ‘ಮಗಾ’ ಎಂದು ಕರೆಯುತ್ತಿದ್ದರು. ಯಾವ ಮಾತ್ರೆ ಯಾವ ಹೊತ್ತಿಗೆ, ಉಪ್ಪು ಎಷ್ಟು, ಡಾಕ್ಟರನ್ನು ಕರೆಯಬೇಕೋ ಬೇಡವೋ ಎಲ್ಲ ಆಕೆಯ ತೀರ್ಮಾನ. ಪರದೇಶದ ಮಕ್ಕಳು ಫೋನ್ ಮಾಡಿ ಕೇಳುವುದೂ ಆಕೆಯನ್ನೇ. ಗೋಡೆಯ ಮೇಲೆ ಅಜ್ಜಿಯ ಹುಟ್ಟುಹಬ್ಬದ ದೊಡ್ಡ ಫೋಟೊ ಇತ್ತು. ಊರಿಂದ ಬಂದ ಮಕ್ಕಳು, ಮೊಮ್ಮಕ್ಕಳು ಸಾಲಾಗಿ ನಿಂತಿದ್ದರು. ಕುರ್ಚಿಯ ಹಿಂದೆ, ಅಜ್ಜಿ ಜಾರದಂತೆ ಹಿಡಿದ ಒಂದು ಕಪ್ಪು ಕೈ ಮಾತ್ರ ಕಾಣುತ್ತಿತ್ತು. ಮುಖ ಚೌಕಟ್ಟಿನ ಹೊರಗೆ.

2007ರ ಪಾಲಕರ ಹಾಗೂ ಹಿರಿಯ ನಾಗರಿಕರ ಕಾಯ್ದೆ ಮಕ್ಕಳ ಹೊಣೆಯನ್ನು ಹೇಳುತ್ತದೆ, ಜೀವನಾಂಶ ಕೊಡಿಸಲು ನ್ಯಾಯಮಂಡಳಿಯನ್ನು ಕೊಡುತ್ತದೆ, ಜಿಲ್ಲೆಗೊಂದಾದರೂ ವೃದ್ಧಾಶ್ರಮದ ಮಾತಾಡುತ್ತದೆ. ಸಂಬಳಕ್ಕೆ ಬಂದು ಆರೈಕೆ ಮಾಡುವವಳ ದುಡಿಮೆಯ ಹೊತ್ತು, ರಜೆ, ಕೂಲಿ ಅದರ ವಿಷಯವಲ್ಲ. ಅಮೆರಿಕದಲ್ಲಿಯೂ ಇಂಥದೇ ಕಥೆ. ಅಲ್ಲಿ ದುಡಿಯುವ ಕಪ್ಪು ಹೆಂಗಸರಲ್ಲಿ ಹೆಚ್ಚಿನವರು ಮನೆಗೆಲಸದಲ್ಲಿದ್ದ ಕಾಲದಲ್ಲಿ, 1935ರ ಸಾಮಾಜಿಕ ಭದ್ರತಾ ಕಾಯ್ದೆಯೂ 1938ರ ಕನಿಷ್ಠ ಕೂಲಿ ಕಾಯ್ದೆಯೂ ಮನೆಗೆಲಸದವರನ್ನು ಹೊರಗಿಟ್ಟವು. ಮುದುಕರನ್ನು ಮನೆಯಲ್ಲಿ ನೋಡಿಕೊಳ್ಳುವ ಹೆಚ್ಚಿನವರಿಗೆ ಕನಿಷ್ಠ ಕೂಲಿಯ ರಕ್ಷಣೆ ಸಿಕ್ಕಿದ್ದು 2015ರಲ್ಲಿ. ಕಪ್ಪು ಮೈಯನ್ನು ಅಧಿಕಾರದ ಕುರ್ಚಿಯಲ್ಲಿ ಕಲ್ಪಿಸಿಕೊಳ್ಳಲಾಗದ ಸಮಾಜವೇ ಅದೇ ಮೈಯ ದುಡಿಮೆಗೆ ಬೆಲೆಯನ್ನೂ ಕಡಿಮೆ ಕಟ್ಟಿತು.

ಹಾಗಾಗಿ ಅಬ್ಬಕ್ಕನ ಬಣ್ಣದ ಮಾತು ಬರಿಯ ಚಿತ್ರಕಾರರಿಗೆ ಸಂಬಂಧಿಸಿದ್ದಲ್ಲ. ಅವಳನ್ನು ಬೆಳ್ಳಗೆ ಬರೆದಾಗ ನಾವು ಅಡುಗೆಮನೆಯ ಆಳಿನಂತೆ ಎಂದ ದೆಲ್ಲಾ ವಾಲ್ಲೆಯ ಮಾತನ್ನು ಅಲ್ಲಗಳೆದಂತಾಗುವುದಿಲ್ಲ. ಅವನು ಹೇಳಿದ್ದು ಸರಿ, ಕಪ್ಪಗಿದ್ದರೆ ಹಾಗೆಯೇ ಕಾಣುತ್ತಾಳೆ ಎಂದು ಒಪ್ಪಿಕೊಂಡಂತಾಗುತ್ತದೆ. ಕಪ್ಪು ಅಬ್ಬಕ್ಕನನ್ನು ಬರಿಗಾಲಲ್ಲೇ, ತೋಡಿನ ಬದಿಯಲ್ಲೇ ನಿಲ್ಲಿಸಿ ರಾಣಿ ಎನ್ನಲು ಕಲಿತರೆ, ಅಡುಗೆಮನೆಯಲ್ಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿ ನಿಂತವಳನ್ನು ನೋಡುವ ಬಗೆಯೂ ಬದಲಾದೀತು. ಪ್ರಜೆಗಳ ಗದ್ದೆಗೆ ನೀರು ಹರಿಯುತ್ತಿದೆಯೇ ಎಂದು ನೋಡಲು ನಡೆದು ಹೊರಟವಳು ಮಾಡುತ್ತಿದ್ದುದೂ ಆರೈಕೆಯೇ. ಅಂಬರನ ಕಾಲುವೆಯೂ ಅದೇ.

ನನ್ನಂಥ ಸಂಶೋಧಕರಿಗೆ ಇದರಲ್ಲೊಂದು ಸಣ್ಣ ಕೆಲಸವಿದೆ. ಮನೆತನಗಳ ಇತಿಹಾಸ ಬರೆಯುವಾಗ ಯಜಮಾನರ ಪಟ್ಟಿ ಸಿಗುತ್ತದೆ, ಪಾಲುಪಟ್ಟಿ ಸಿಗುತ್ತದೆ, ಕೋರ್ಟಿನ ಕಾಗದಗಳು ಸಿಗುತ್ತವೆ. ಕೊನೆಗಾಲದಲ್ಲಿ ಆ ಯಜಮಾಂತಿಯ ಬಾಯಿಗೆ ಗಂಜಿ ಹಾಕಿದವರು ಯಾರು ಎಂದು ಕೇಳಿದರೆ ಮನೆಯ ಹಿರಿಯರು ಒಂದು ಕ್ಷಣ ಸುಮ್ಮನಾಗುತ್ತಾರೆ; ಆಮೇಲೆ ಒಂದು ಹೆಸರು ನೆನಪಿಸಿಕೊಳ್ಳುತ್ತಾರೆ. ಆ ಹೆಸರನ್ನೂ ಬರೆದುಕೊಳ್ಳಬೇಕು.